ಕಾರಿಲ್ಲದ ಮನೆಯ ಪೇಟೆ ಕೆಲಸಗಳು: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ನೀರ್ಚಾಲು ಕಡೆಯಲ್ಲಿ ನಮ್ಮದೊಂದು ಸಣ್ಣ ಅಡಿಕೆ ತೋಟ. ಮುಖ್ಯ ಮಾರ್ಗದಿಂದ ಮನೆಗೆ ಬರಬೇಕಾದರೆ ಒಂದು ತೋಡು ದಾಟಬೇಕು. ಅದಕ್ಕಿರುವುದು ಕಾಲುಸಂಕ, ಎಂದರೆ ನಡೆದು ದಾಟುವ ಕಿರುಸೇತುವೆ, ಮಾತ್ರ. ಕಾರು ಕೊಂಡರೂ ಅದನ್ನು ಮಾರ್ಗದ ಬದಿಯ ಯಾರದಾದರೂ ಅಂಗಳದಲ್ಲಿ ನಿಲ್ಲಿಸಿ, ಅಲ್ಲಿಂದ ಸಾಮಾನನ್ನು ಹೊತ್ತೇ ತರಬೇಕಾಗುವುದರಿಂದ ನಾವು ಆ ಖರ್ಚಿಗೆ ಕೈ ಹಾಕಲಿಲ್ಲ. ಸ್ಕೂಟರು ನನಗೆ ಹೇಳಿಸಿದ್ದಲ್ಲ. ಹೀಗಾಗಿ ನನ್ನ, ಹೆಂಡತಿಯ ಮತ್ತು ವಯಸ್ಸಾದ ಅಮ್ಮನ ಓಡಾಟವೆಲ್ಲ ಬಸ್ಸು, ರಿಕ್ಷಾ, ರೈಲು ಮತ್ತು ಕಾಲ್ನಡಿಗೆಯಲ್ಲೇ ಸಾಗಿಬಂದಿದೆ.

ಈ ರೀತಿ ಬದುಕುವವರು ಮೊದಲು ತಿಳಿಯಬೇಕಾದ್ದು, ಮನುಷ್ಯನ ಓಡಾಟ ಬೇರೆ, ಹೊರೆಯ ಸಾಗಾಟ ಬೇರೆ ಎಂಬುದನ್ನು. ಕಾರು ಇರುವವರು ಇವೆರಡನ್ನೂ ಒಟ್ಟಿಗೆ ಮಾಡುತ್ತಾರೆ. ಕಾರಿಲ್ಲದವನೂ ಹಾಗೆಯೇ ಮಾಡಹೊರಟರೆ ಅಕ್ಕಿಯ ಚೀಲ, ಹಿಂಡಿಯ ಗೋಣಿ, ಮಡಚಿದ ಕೊಡೆ ಇಷ್ಟನ್ನೂ ಹಿಡಿದು ತುಂಬಿದ ಬಸ್ಸಿನ ಮೆಟ್ಟಿಲಲ್ಲಿ ನೇತಾಡಬೇಕಾಗುತ್ತದೆ. ನಾನು ಪೇಟೆಗೆ ಹೋಗುವುದು ಒಂದು ಬಟ್ಟೆಯ ಕೈಚೀಲದೊಂದಿಗೆ. ಅದರಲ್ಲಿ ಹಿಡಿಸುವಷ್ಟೇ ನನ್ನೊಂದಿಗೆ ಮರಳುತ್ತದೆ. ಉಳಿದದ್ದೆಲ್ಲ ತನ್ನದೇ ದಾರಿಯಲ್ಲಿ ಬರುತ್ತದೆ.

ಹಿಂಡಿ, ಗೊಬ್ಬರ, ಅಕ್ಕಿ, ತುಂಬಿದರೆ ಸುಮಾರು 30 ಕಿಲೋ ತೂಗುವ ಗ್ಯಾಸ್ ಸಿಲಿಂಡರು, ಇವನ್ನೆಲ್ಲ ತರುವವರು ನಮ್ಮ ಪರಿಚಯದ ರಿಕ್ಷಾದವರು. ಅಂಗಡಿಗೆ ಫೋನಿನಲ್ಲಿ ಚೀಟಿ ಕಳುಹಿಸಿರುತ್ತೇನೆ. ಅವರು ಬೇರೆ ಬಾಡಿಗೆಗೆ ಹತ್ತಿರದ ಪೇಟೆಯಾದ ಬದಿಯಡ್ಕಕ್ಕೆ ಹೋಗಿದ್ದಾಗ, ಹಿಂತಿರುಗುವ ಖಾಲಿ ಓಟದಲ್ಲಿ ಸಾಮಾನನ್ನು ಹೇರಿಕೊಂಡು ಸಂಕದ ಬಳಿ ಇಳಿಸುತ್ತಾರೆ. ಕೇರಳದಲ್ಲಿ 2022ರ ಮೇ ತಿಂಗಳಿನಿಂದ ರಿಕ್ಷಾದ ಕನಿಷ್ಠ ದರ ಒಂದೂವರೆ ಕಿಲೋಮೀಟರಿಗೆ 30 ರೂಪಾಯಿ. ಹಳ್ಳಿಯಲ್ಲಿ ಮೀಟರನ್ನು ನೋಡುವವರು ಕಡಿಮೆ, ಬಾಯಿಮಾತಿನ ದರವೇ ನಡೆಯುತ್ತದೆ. ನಾನು ಈ ದರದಲ್ಲಿ ಚೌಕಾಸಿ ಮಾಡುವುದಿಲ್ಲ. ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೋಗಿ, ಜಡಿಮಳೆಯ ರಾತ್ರಿ ಕರೆದರೆ ಬರುವ ಒಬ್ಬ ಚಾಲಕನ ವಿಶ್ವಾಸ ಕಳೆದುಕೊಳ್ಳುವುದು ಲೆಕ್ಕ ಬಲ್ಲವರ ಕೆಲಸವಲ್ಲ.

ಅಡಿಕೆಯ ವಿಚಾರ ಇನ್ನೂ ಸ್ವಲ್ಪ ದೊಡ್ಡದು. ಚಾಲಿ, ಎಂದರೆ ಒಣಗಿಸಿದ ಅಡಿಕೆ, ಸುಲಿದು ಗೋಣಿ ತುಂಬಿಸಿದ ಮೇಲೆ ಅದನ್ನು ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊಗೆ ಅಥವಾ ಪೇಟೆಯ ಅಂಗಡಿಗೆ ಮುಟ್ಟಿಸಬೇಕು. ನೆರೆಯ ಎರಡು ಮೂರು ಮನೆಯವರು ಮಾತಾಡಿಕೊಂಡು ಒಂದೇ ಪಿಕಪ್ ಗೊತ್ತು ಮಾಡುತ್ತೇವೆ. ಗೋಣಿಗಳ ಲೆಕ್ಕದಲ್ಲಿ ಬಾಡಿಗೆಯನ್ನು ಹಂಚಿಕೊಳ್ಳುತ್ತೇವೆ. ಇದರಲ್ಲಿರುವ ಕೊರತೆಯನ್ನು ಮುಚ್ಚಿಡಲಾರೆ: ಧಾರಣೆ ಏರಿದ ದಿನವೇ ಮಾರಬೇಕೆಂದರೆ ಆಗುವುದಿಲ್ಲ, ಎಲ್ಲರ ಅಡಿಕೆಯೂ ಸಿದ್ಧವಾಗುವವರೆಗೆ ಕಾಯಬೇಕು. ಅಷ್ಟರಲ್ಲಿ ಧಾರಣೆ ಇಳಿದದ್ದೂ ಇದೆ, ಮತ್ತಷ್ಟು ಏರಿದ್ದೂ ಇದೆ. ಮಳೆಗಾಲದ ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಡಲು ಬೇಕಾದ ಮೈಲುತುತ್ತು ಮತ್ತು ಸುಣ್ಣಕ್ಕೂ ಇದೇ ಉಪಾಯ. ಇವೆರಡನ್ನು ಬೆರೆಸಿ ಮಾಡುವ ಬೋರ್ಡೋ ದ್ರಾವಣ ನೂರು ಲೀಟರಿಗೆ ತಲಾ ಒಂದು ಕಿಲೋ ಬೇಕು. ಇಡೀ ತೋಟಕ್ಕೆ ಬೇಕಾದುದನ್ನು ಮೇ ತಿಂಗಳಲ್ಲೇ ಅದೇ ಪಿಕಪ್ಪಿನ ಮರುಓಟದಲ್ಲಿ ತರಿಸಿಟ್ಟುಕೊಂಡರೆ ಜೂನಿನ ಮಳೆಯಲ್ಲಿ ಪೇಟೆಗೆ ಅಲೆಯುವ ಪ್ರಮೇಯ ಬರುವುದಿಲ್ಲ.

ಸಣ್ಣ, ಆದರೆ ತುರ್ತಾದ ವಸ್ತುಗಳಿಗೆ ಖಾಸಗಿ ಬಸ್ಸೇ ಅಂಚೆ. ಪಂಪಿನ ಫುಟ್‌ವಾಲ್ವ್ ಹಾಳಾದರೆ ಕಾಸರಗೋಡಿನ ಅಂಗಡಿಯವರಿಗೆ ಫೋನು ಮಾಡಿ, ಹಣವನ್ನೂ ಫೋನಿನಲ್ಲೇ ಕಳುಹಿಸಿದರೆ, ಅವರು ಕಟ್ಟನ್ನು ನಮ್ಮ ದಾರಿಯ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಡುತ್ತಾರೆ. ಅದು ನೀರ್ಚಾಲಿನ ಅಂಗಡಿಯಲ್ಲಿ ಇಳಿಯುತ್ತದೆ. ಕಟ್ಟಿನ ಮೇಲೆ ಹೆಸರು, ಇಳಿಸಬೇಕಾದ ಅಂಗಡಿ ಮತ್ತು ಫೋನ್ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆಸಬೇಕು, ಕಂಡಕ್ಟರರಿಗೆ ಕೊಡಬೇಕಾದ್ದನ್ನು ಕೊಡಬೇಕು.

ಇನ್ನು ಮನುಷ್ಯರ ಓಡಾಟ. ಕೆಲಸಗಳನ್ನು ನಾನು ತುರ್ತಿನ ಪ್ರಕಾರ ವಿಂಗಡಿಸುವುದಿಲ್ಲ, ಮಾರ್ಗದ ಪ್ರಕಾರ ವಿಂಗಡಿಸುತ್ತೇನೆ. ಬ್ಯಾಂಕು, ಪಂಚಾಯತು, ಕೃಷಿಭವನ ಇವು ಬದಿಯಡ್ಕದ ದಿನದ ಕೆಲಸಗಳು. ಕಲೆಕ್ಟರೇಟಿನ ಕೆಲಸವಿದ್ದರೆ ಬದಿಯಡ್ಕದಿಂದ ಎಡನೀರು, ಚೆರ್ಕಳ ದಾರಿಯಾಗಿ ಹೋಗುವ ಬಸ್ಸಿನಲ್ಲಿ ಕಾಸರಗೋಡು ಪೇಟೆಗಿಂತ ಮೊದಲೇ ವಿದ್ಯಾನಗರದಲ್ಲಿ ಇಳಿಯುತ್ತೇನೆ. ಪೇಟೆಯ ಖರೀದಿಯನ್ನು ಅಲ್ಲಿನ ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳುತ್ತೇನೆ. ಕಚೇರಿಗಳಲ್ಲಿ ಒಂದೂಕಾಲರಿಂದ ಎರಡರವರೆಗೆ ಊಟದ ವಿರಾಮ. ಆ ಹೊತ್ತಿಗೆ ತಲುಪುವ ಬಸ್ಸು ಎಷ್ಟು ಆರಾಮದ್ದಾದರೂ ಪ್ರಯೋಜನವಿಲ್ಲ. ಕರೆಂಟು ಬಿಲ್ಲು, ಭೂತೆರಿಗೆಗಳು ಆನ್‌ಲೈನಿನಲ್ಲಿ ಅಥವಾ ಸರಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಮುಗಿಯುವುದರಿಂದ, ಹಿಂದೆ ಇಡೀ ದಿನ ತಿನ್ನುತ್ತಿದ್ದ ಎಷ್ಟೋ ಓಡಾಟಗಳು ಈಗ ಇಲ್ಲ.

ನಮ್ಮ ಕಡೆಯ ಖಾಸಗಿ ಬಸ್ಸುಗಳಿಗೆ ಸಮಯವೇ ಗುರುತು. ಇಂಥ ಹೆಸರಿನ ಬಸ್ಸು ಇಷ್ಟು ಗಂಟೆಗೆ ಎಂಬುದು ಬಾಯಿಪಾಠವಾಗಿರಬೇಕು, ಆದಿತ್ಯವಾರ ಯಾವ ಟ್ರಿಪ್ ಕಟ್ ಆಗುತ್ತದೆ ಎಂಬುದೂ ಗೊತ್ತಿರಬೇಕು. ಇದನ್ನು ನಾನು ಒಂದು ಕಾಗದದಲ್ಲಿ ಬರೆದು ಕ್ಯಾಲೆಂಡರಿನ ಹಿಂದೆ ಅಂಟಿಸಿದ್ದೇನೆ. ಶಾಲೆ ಆರಂಭವಾಗುವ ಜೂನಿನಲ್ಲಿ ಬಸ್ಸಿನವರನ್ನೇ ಕೇಳಿ ತಿದ್ದುತ್ತೇನೆ. ಇಂಟರ್ನೆಟ್ಟಿನಲ್ಲಿ ಕಾಣುವ ವೇಳಾಪಟ್ಟಿಗಿಂತ ನಿಲ್ದಾಣದ ಬಳಿಯ ಹೋಟೆಲಿನವರ ಮಾತು ಹೆಚ್ಚು ನಂಬಿಕೆಗೆ ಅರ್ಹ.

ಅಮ್ಮನ ಚಿಕಿತ್ಸೆಗೆ, ಈ ಜಿಲ್ಲೆಯ ಬಹುತೇಕ ಮನೆಗಳವರಂತೆ, ಮಂಗಳೂರನ್ನೇ ಆಶ್ರಯಿಸಿದ್ದೇವೆ. ಕುಂಬಳೆಗೆ ಇಳಿದರೆ ಎರಡು ದಾರಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಕೇರಳ ಮತ್ತು ಕರ್ನಾಟಕ ಎರಡೂ ಸರಕಾರಗಳ ಬಸ್ಸುಗಳು ಓಡುತ್ತವೆ. ದೇರಳಕಟ್ಟೆಯ ಆಸ್ಪತ್ರೆಗಳಿಗೆ ತೊಕ್ಕೊಟ್ಟಿನಲ್ಲಿ, ಕಂಕನಾಡಿಯ ಕಡೆಗೆ ಪಂಪ್‌ವೆಲ್ಲಿನಲ್ಲಿ ಇಳಿಯಬೇಕು. ರೈಲಿನಲ್ಲಿ ಹೋಗುವವರು ಗಾಡಿ ಮಂಗಳೂರು ಸೆಂಟ್ರಲಿಗೆ ಹೋಗುತ್ತದೆಯೋ ಜಂಕ್ಷನ್ನಿಗೋ ಎಂದು ನೋಡಿ ಹತ್ತಬೇಕು. ವೆನ್ಲಾಕ್ ಆಸ್ಪತ್ರೆಗೆ ಸೆಂಟ್ರಲ್ ಹತ್ತಿರ. ಕೊಂಕಣ ಮಾರ್ಗದ ಗಾಡಿಗಳು ನಿಲ್ಲುವ ಜಂಕ್ಷನ್ ಇರುವುದು ಪಡೀಲಿನ ಬಳಿ, ಅಲ್ಲಿಂದ ಮತ್ತೆ ರಿಕ್ಷಾ ಹಿಡಿಯಬೇಕು. ಎಕ್ಸ್‌ಪ್ರೆಸ್ ಗಾಡಿಗಳಲ್ಲಿ ಹೆಚ್ಚಿನವು ಕುಂಬಳೆಯಲ್ಲಿ ನಿಲ್ಲುವುದಿಲ್ಲವಾದ್ದರಿಂದ ಪ್ಯಾಸೆಂಜರ್ ಗಾಡಿಯ ಸಮಯಕ್ಕೆ ಹೊಂದಿಕೊಳ್ಳಬೇಕು. ಹಿರಿಯ ನಾಗರಿಕರಿಗಿದ್ದ ರೈಲ್ವೆ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಿತು; ಅಮ್ಮ ಅದನ್ನು ಇನ್ನೂ ಮರೆತಿಲ್ಲ.

ಮೊದಲೆಲ್ಲ ರೈಲಿನಲ್ಲೇ ಬರುತ್ತಿದ್ದ ಅಮ್ಮ ಈಗ ಮೇಲ್ಸೇತುವೆಯ ಮೆಟ್ಟಿಲು ಹತ್ತಲಾರರು. ಹೆದ್ದಾರಿ ಆರು ಪಥವಾದ ಮೇಲೆ ಎದುರು ಬದಿಯ ನಿಲ್ದಾಣಕ್ಕೆ ಹೋಗಬೇಕಾದರೂ ಅಂಡರ್‌ಪಾಸ್ ಇರುವಲ್ಲಿಯವರೆಗೆ ನಡೆಯಬೇಕು. ಆದುದರಿಂದ ಅವರನ್ನು ಕರೆದುಕೊಂಡು ಹೋಗುವ ದಿನ ಬಾಡಿಗೆ ಕಾರನ್ನೇ ಹೇಳುತ್ತೇನೆ. ಸಂಕದವರೆಗೆ ಕೈಹಿಡಿದು ನಡೆಸಿದರೆ ಅಲ್ಲಿಂದ ಆಸ್ಪತ್ರೆಯ ಬಾಗಿಲಿನವರೆಗೆ ಕಾರು. ವರ್ಷದಲ್ಲಿ ಇದಕ್ಕೆ ಕೊಡುವ ಹಣವನ್ನೆಲ್ಲ ಕೂಡಿಸಿದರೂ ಸ್ವಂತ ಕಾರಿನ ವಿಮೆ, ಸರ್ವಿಸ್, ಟಯರುಗಳ ಖರ್ಚನ್ನು ಮುಟ್ಟುವುದಿಲ್ಲ. ಔಷಧಿ ಮುಗಿದಾಗ ಅಥವಾ ರಕ್ತಪರೀಕ್ಷೆಯ ವರದಿ ತರುವುದಿದ್ದಾಗ ನಾನೊಬ್ಬನೇ ಬಸ್ಸಿನಲ್ಲಿ ಹೋಗಿಬರುತ್ತೇನೆ.

ಹೆಂಡತಿಯ ತವರು ಪುತ್ತೂರಿನ ಕಡೆ. ಪೆರ್ಲ, ಅಡ್ಕಸ್ಥಳ ದಾಟಿ ಗಡಿಯಾಚೆ ವಿಟ್ಲದಲ್ಲಿ ಬಸ್ಸು ಬದಲಿಸಿದರೆ ಅವಳ ತಂಗಿಯರಿಗೆ 2023ರ ಜೂನಿನಿಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ. ಆಧಾರಿನಲ್ಲಿ ಕೇರಳದ ವಿಳಾಸ ಇರುವ ಇವಳಿಗೆ ಪೂರ್ತಿ ಟಿಕೆಟು. ಒಂದೇ ಸೀಟಿನಲ್ಲಿ ಕುಳಿತ ಅಕ್ಕತಂಗಿಯರ ನಡುವೆ ಈ ವಿಷಯದಲ್ಲಿ ಪ್ರತಿಸಲವೂ ನಗೆಚಾಟಿಕೆ ನಡೆಯುತ್ತದೆ, ಟಿಕೆಟಿನ ಹಣವನ್ನು ಮಾತ್ರ ನಾನು ಕೊಡುತ್ತೇನೆ.

ಹರತಾಳದ ಹಿಂದಿನ ಸಂಜೆ ಹಾಲಿನಪುಡಿ, ಔಷಧಿ ಮನೆಯಲ್ಲಿದೆಯೇ ಎಂದು ನೋಡಿದರೆ ಸಾಕು. ಆ ದಿನ ಕಾರು ಇದ್ದವರೂ ಮನೆಯಲ್ಲೇ ಇರುತ್ತಾರೆ.

ನಿಜವಾಗಿ ಕಷ್ಟವಾಗುವುದು ರಾತ್ರಿಯ ಕಾರ್ಯಕ್ರಮಗಳಿಗೆ. ಹಿಂದೆ ಯಕ್ಷಗಾನ ಬಯಲಾಟ ಬೆಳಗಿನವರೆಗೆ ನಡೆಯುತ್ತಿತ್ತು, ಮಂಗಳ ಹಾಡಿದ ಮೇಲೆ ಮೊದಲ ಬಸ್ಸು ಸಿಗುತ್ತಿತ್ತು. ಈಗ ಕಾಲಮಿತಿಯ ಆಟ ನಡುರಾತ್ರಿಗೆ ಮುಗಿಯುತ್ತದೆ. ರಾತ್ರಿಯ ಕೊನೆಯ ಬಸ್ಸಿಗೆ ಬಹಳ ತಡ, ಬೆಳಗಿನ ಮೊದಲ ಬಸ್ಸಿಗೆ ಬಹಳ ಬೇಗ. ಕಲೆಯ ದೃಷ್ಟಿಯಿಂದ ಕಾಲಮಿತಿಯ ಪರವಾಗಿ ಯಾರು ಏನೇ ವಾದಿಸಲಿ, ಬಸ್ಸಿನ ಪ್ರೇಕ್ಷಕನನ್ನು ಆಗ ಯಾರೂ ಕೇಳಲಿಲ್ಲ. ನೆರೆಮನೆಯವರು ತಮ್ಮ ಕಾರಿನಲ್ಲಿ ಬನ್ನಿ ಎಂದರೆ ಹೋಗುತ್ತೇನೆ. ನಾನಾಗಿ ಕೇಳುವುದಿಲ್ಲ, ಕೇಳಿದರೆ ಅವರಿಗೆ ಇಲ್ಲವೆನ್ನಲು ಕಷ್ಟ. ಪೆಟ್ರೋಲಿಗೆಂದು ಕೊಟ್ಟರೆ ತೆಗೆದುಕೊಳ್ಳುವವರಲ್ಲ, ಆದ್ದರಿಂದ ಅವರ ಅಡಿಕೆ ಗೋಣಿಯ ಪಾಲಿನ ಬಾಡಿಗೆಯನ್ನು ಆ ವರ್ಷ ನಾನೇ ಕೊಟ್ಟುಬಿಡುತ್ತೇನೆ. ಕೇರಿಯ ಏಳೆಂಟು ಮಂದಿ ಹೊರಡುವುದಿದ್ದರೆ ಇನ್ನೂ ಸುಲಭ: ಒಂದು ಓಮ್ನಿಯನ್ನು ಬಾಡಿಗೆಗೆ ಹೇಳಿ, ಆಟ ಮುಗಿಯುವವರೆಗೆ ಚಾಲಕನಿಗೂ ಮುಂದಿನ ಸಾಲಿನಲ್ಲೊಂದು ಕುರ್ಚಿ ಹಿಡಿದಿಡುತ್ತೇವೆ.