ಭೂಸ್ವಾಧೀನ ಪರಿಹಾರದಲ್ಲಿ ಹಿಡಿದ ಟಿಡಿಎಸ್ ವಾಪಸ್ ಪಡೆದದ್ದು

ನಾಲೆ ಅಗಲೀಕರಣಕ್ಕೆ ನಮ್ಮ ಅಂಗಡಿ ಮಳಿಗೆ ಹೋಯಿತು. ಪರಿಹಾರ ಖಾತೆಗೆ ಬಂದಾಗ ಶೇ 10ರಷ್ಟು ಕಡಿಮೆಯಿತ್ತು. ಕೃಷಿ ಜಮೀನಾದರೆ ಬಿಡುತ್ತೇವೆ, ಮಳಿಗೆಗೆ 1961ರ ಆದಾಯ ತೆರಿಗೆ ಕಾಯ್ದೆಯ 194ಎಲ್‌ಎ ಸೆಕ್ಷನ್ ಅಡಿ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಲೇಬೇಕು ಎಂದರು ಭೂಸ್ವಾಧೀನ ಕಚೇರಿಯವರು.

ಐತೀರ್ಪಿನ (ಪರಿಹಾರ ನಿಗದಿ ಮಾಡಿದ ಆದೇಶದ) ಪ್ರತಿ ತೆಗೆಸಿ ಓದಿದೆ. ಸ್ವಾಧೀನ ಆಗಿದ್ದು 2013ರ ಭೂಸ್ವಾಧೀನ ಕಾಯ್ದೆಯಡಿ. ಅದರ 96ನೇ ಸೆಕ್ಷನ್ ಪ್ರಕಾರ ಇಂಥ ಪರಿಹಾರಕ್ಕೆ ಆದಾಯ ತೆರಿಗೆಯೇ ಇಲ್ಲ. 46ನೇ ಸೆಕ್ಷನ್‌ನ ಖಾಸಗಿ ಖರೀದಿಯಷ್ಟೇ ಇದಕ್ಕೆ ಹೊರತು. ಕೃಷಿಯೇತರ ಆಸ್ತಿಗೂ ವಿನಾಯಿತಿ ಇದೆ ಎಂದು ಕೇಂದ್ರ ನೇರ ತೆರಿಗೆ ಮಂಡಳಿಯ 36/2016 ಸುತ್ತೋಲೆ ಸ್ಪಷ್ಟವಾಗಿ ಹೇಳುತ್ತದೆ. ಅಂಗಡಿ ಕಳೆದುಕೊಂಡವರ ಕೈಯಿಂದ ಇಷ್ಟು ಹಣ ಹಿಡಿದದ್ದು ನ್ಯಾಯವಲ್ಲ.

ಹಣ ಆಗಲೇ ಸರ್ಕಾರಕ್ಕೆ ಜಮಾ ಆಗಿದ್ದರಿಂದ ಆದಾಯ ತೆರಿಗೆ ರಿಟರ್ನ್ ಮೂಲಕ ವಾಪಸ್ ಕೇಳುವ ದಾರಿ ಹಿಡಿದೆ. 26ಎಎಸ್‌ನಲ್ಲಿ (ನಮ್ಮ ಹೆಸರಿಗೆ ಜಮಾ ಆದ ತೆರಿಗೆಯ ಪಟ್ಟಿ) ನನ್ನ ಪ್ಯಾನ್‌ಗೆ ಮೊತ್ತ ಕಂಡದ್ದನ್ನು ಖಚಿತಪಡಿಸಿಕೊಂಡು, ಪರಿಹಾರವನ್ನು ವಿನಾಯಿತಿ ಆದಾಯದಲ್ಲಿ ತೋರಿಸಿ, ಪೂರ್ತಿ ಟಿಡಿಎಸ್ ಕೇಳಿದೆ. ವಿವರಣೆ ಕೇಳಿ ತೆರಿಗೆ ಇಲಾಖೆಯಿಂದ ನೋಟಿಸ್ ಬಂತು. ಐತೀರ್ಪು, ಸುತ್ತೋಲೆ ಲಗತ್ತಿಸಿ ಉತ್ತರಿಸಿದೆ. ರೀಫಂಡ್ ಬಡ್ಡಿ ಸಮೇತ ಬಂತು. ಆ ಬಡ್ಡಿಗೆ ಮಾತ್ರ ತೆರಿಗೆ ಉಂಟು.

ಇನ್ನೂ ಪರಿಹಾರ ಬಾರದವರು ಟಿಡಿಎಸ್ ಹಿಡಿಯಬೇಡಿ ಎಂದು ಭೂಸ್ವಾಧೀನ ಕಚೇರಿಗೆ ಈಗಲೇ ಲಿಖಿತ ಮನವಿ ಕೊಡಿ. 96ನೇ ಸೆಕ್ಷನ್‌ನ ವಿನಾಯಿತಿ ಇದ್ದಲ್ಲಿ ಟಿಡಿಎಸ್ ಹಿಡಿಯಬಾರದೆಂದು 2017ರಲ್ಲಿ 194ಎಲ್‌ಎಗೇ ಪರಂತುಕ (ಹೊರತುಪಡಿಸುವ ಷರತ್ತು) ಸೇರಿಸಿದ್ದಾರೆ.