ರಾಮನಗರದ ಕಲ್ಲು, ನನ್ನ ತಪ್ಪು ಚುಕ್ಕಿ

ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಅಲ್ಲಿನ ಬಂಡೆಗೂ ಅದೇ ಹೆಸರು ಅಂಟಿದೆ, ಕ್ಲೋಸ್‌ಪೇಟ್ ಗ್ರಾನೈಟ್. ವಯಸ್ಸು ಸುಮಾರು 250 ಕೋಟಿ ವರ್ಷ. ಗ್ರಾನೈಟ್‌ನ ಜಾತಿ ಗುರುತಿಸೋದನ್ನು ನಾನು ಕಲಿತಿದ್ದು ಈ ಕಲ್ಲಿನ ಮೇಲೇ.

ಮೊದಲ ದಿನವೇ ಸೋಮಾರಿತನ ಮಾಡಿದೆ. ರಸ್ತೆ ಬದಿಯಲ್ಲಿ ಸುತ್ತಿಗೆಯ ಎರಡೇ ಏಟಿಗೆ ಕಳಚಿಬಂದ ತುಂಡನ್ನು ಚೀಲಕ್ಕೆ ಹಾಕಿಕೊಂಡೆ. ಅಷ್ಟು ಸಲೀಸಾಗಿ ಒಡೆಯುವ ಗ್ರಾನೈಟ್ ಆಗಲೇ ಮಳೆ ಬಿಸಿಲಿಗೆ ಸವೆದಿರುತ್ತೆ ಅಲ್ವಾ? ಆಗ ಹೊಳೆಯಲಿಲ್ಲ.

ಲ್ಯಾಬ್‌ನಿಂದ ಬಂದ ಅಂಕಿ, ತೂಕದ ಶೇಕಡಾ ಲೆಕ್ಕದಲ್ಲಿ, ಹೀಗಿತ್ತು: ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) 15.2, ಕ್ಯಾಲ್ಸಿಯಂ ಆಕ್ಸೈಡ್ 1.4, ಸೋಡಾ (ಸೋಡಿಯಂ ಆಕ್ಸೈಡ್) 3.2, ಪೊಟ್ಯಾಶ್ (ಪೊಟ್ಯಾಸಿಯಂ ಆಕ್ಸೈಡ್) 4.6. ಒಂದೊಂದನ್ನೂ ಅದರ ಅಣುತೂಕದಿಂದ ಭಾಗಿಸಿ, ಅಲ್ಯುಮಿನಾವನ್ನು ಉಳಿದ ಮೂರರ ಮೊತ್ತಕ್ಕೆ ಹೋಲಿಸಬೇಕು. ಇದೇ ಎ/ಸಿಎನ್‌ಕೆ. ನನಗೆ 1.19 ಬಂತು. 1974ರಲ್ಲಿ ಭೂವಿಜ್ಞಾನಿಗಳಾದ ಚಾಪೆಲ್ ಮತ್ತು ವೈಟ್ ಆಸ್ಟ್ರೇಲಿಯಾದ ಗ್ರಾನೈಟ್‌ಗಳನ್ನು ಎರಡಾಗಿ ವಿಂಗಡಿಸಿದಾಗ ಇಟ್ಟ ಗಡಿ 1.1. ಅದಕ್ಕಿಂತ ಜಾಸ್ತಿ ಇದ್ದರೆ ಎಸ್ ಟೈಪ್, ಅಂದರೆ ಕೆಸರಿನಿಂದಾದ ಶಿಲೆ ಕರಗಿ ಹುಟ್ಟಿದ್ದು. ಖುಷಿಯಿಂದ ಹಾಗೇ ಬರೆದುಕೊಂಡೆ.

ಥಿನ್ ಸೆಕ್ಷನ್, ಅಂದರೆ ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿದ ಕಲ್ಲಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎದೆ ಧಸಕ್ ಅಂತು. ಹಸಿರು ಹಾರ್ನ್‌ಬ್ಲೆಂಡ್! ಅದು ಎಸ್ ಟೈಪ್‌ನಲ್ಲಿ ಇರುವ ಖನಿಜವೇ ಅಲ್ಲ. ಸವೆತದಲ್ಲಿ ಕ್ಯಾಲ್ಸಿಯಂ, ಸೋಡಿಯಂ ತೊಳೆದುಹೋಗುತ್ತೆ, ಅಲ್ಯುಮಿನಿಯಂ ಉಳಿಯುತ್ತೆ. ಕಲ್ಲಿನ ಹುಟ್ಟನ್ನಲ್ಲ, ಮಳೆಯನ್ನು ಅಳೆದಿದ್ದೆ.

ಮತ್ತೆ ಹೋದೆ, ಈ ಸಲ ಕ್ವಾರಿಗೆ. ಹೊಸದಾಗಿ ಸೀಳಿದ ಬಂಡೆ. ಹೆಬ್ಬೆರಳಿನಷ್ಟು ಉದ್ದದ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು. ಇಂಥ ಕಲ್ಲಿನಲ್ಲಿ ಮುಷ್ಟಿಯಷ್ಟು ಮಾದರಿ ಸಾಲದು, ಸುಮ್ನೆ ಫೆಲ್ಡ್‌ಸ್ಪಾರ್ ಅಳೆದಂತಾಗುತ್ತೆ. ಹತ್ತು ಕಿಲೋ ಹೊತ್ತು ತಂದು, ಪುಡಿ ಮಾಡಿ, ರಾಶಿ ಹಾಕಿ, ನಾಲ್ಕು ಪಾಲು ಮಾಡಿ ಒಂದನ್ನು ಕಳಿಸಿದೆ. ಎ/ಸಿಎನ್‌ಕೆ 0.93, 1.1ರ ಗಡಿಗಿಂತ ಕೆಳಗೆ, ಅಂದರೆ ಎಸ್ ಟೈಪ್ ಅಲ್ಲ. ಹಾರ್ನ್‌ಬ್ಲೆಂಡ್ ಜೊತೆ ಜಗಳವಿಲ್ಲ.

ಆಮೇಲೆ ಪಿಯರ್ಸ್ ಮತ್ತು ಸಂಗಡಿಗರ 1984ರ ನಕ್ಷೆ, ಗ್ರಾನೈಟ್ ಎಂಥ ಜಾಗದಲ್ಲಿ ಹುಟ್ಟಿತು ಅಂತ ಊಹಿಸಲು ಬಳಸುವ ಗ್ರಾಫ್. ಅಡ್ಡಕ್ಕೆ ಇಟ್ರಿಯಂ ಮತ್ತು ನಯೋಬಿಯಂ ಕೂಡಿಸಿದ ಅಂಕಿ, ಉದ್ದಕ್ಕೆ ರುಬಿಡಿಯಂ. ನನ್ನ ಹೆಚ್ಚಿನ ಚುಕ್ಕಿಗಳು ಜ್ವಾಲಾಮುಖಿ ಕಮಾನಿನ (ಭೂಮಿಯ ಒಂದು ಫಲಕ ಇನ್ನೊಂದರ ಅಡಿಗೆ ಜಾರುವ ಕಡೆ ಏಳುವ ಜ್ವಾಲಾಮುಖಿಗಳ ಸಾಲು) ಭಾಗದಲ್ಲಿ ಬಿದ್ದವು, ಒಂದೆರಡು ಗಡಿ ದಾಟಿ ಫಲಕದ ಒಳಭಾಗ ಅನ್ನುವ ಕಡೆಗೆ ಹೋದವು. ಆದರೆ ಆ ಗಡಿಗಳನ್ನು ಎಳೆದಿದ್ದು ಇದಕ್ಕಿಂತ ತುಂಬಾ ಎಳೆಯ ಗ್ರಾನೈಟ್‌ಗಳನ್ನು ನೋಡಿ. ಹಳೆಯ ಕಮಾನಿನ ಶಿಲೆ ಎಷ್ಟೋ ಕಾಲದ ನಂತರ ಬೇರೆಲ್ಲೋ ಕರಗಿದರೂ ಚುಕ್ಕಿ ಅಲ್ಲೇ ಬೀಳಬಹುದು, ತಾಯಿಯ ಮುಖಚರ್ಯೆ ಮಗುವಿಗೆ ಬಂದ ಹಾಗೆ. ಅದಕ್ಕೇ ವರದಿಯಲ್ಲಿ 'ಕಮಾನಿನಲ್ಲಿ ಹುಟ್ಟಿದ್ದು' ಅಂತ ಬರೆಯಲಿಲ್ಲ, 'ಕಮಾನಿನ ಲಕ್ಷಣವಿದೆ' ಅಂತಷ್ಟೇ ಬರೆದೆ.