ಕೊಳವೊಂದರ ಶಕ್ತಿಯ ಲೆಕ್ಕ ಬರೆಯುವುದು ಹೇಗೆ?

ಹುಲ್ಲನ್ನು ಮಿಡತೆ ತಿನ್ನುತ್ತದೆ, ಮಿಡತೆಯನ್ನು ಕಪ್ಪೆ, ಕಪ್ಪೆಯನ್ನು ಹಾವು, ಹಾವನ್ನು ಹದ್ದು. ಈ ಆಹಾರ ಸರಪಳಿಯನ್ನು ಶಾಲೆಯಲ್ಲಿ ಕಲಿಯದವರಿಲ್ಲ. ಆದರೆ ಆ ಚಿತ್ರ ಯಾರು ಯಾರನ್ನು ತಿನ್ನುತ್ತಾರೆ ಎಂಬುದನ್ನಷ್ಟೇ ತಿಳಿಸುತ್ತದೆ. ಒಂದು ಜೀವಿಯಿಂದ ಮುಂದಿನದಕ್ಕೆ ಎಷ್ಟು ಶಕ್ತಿ ದಾಟಿತು, ದಾಟದೆ ಹೋದದ್ದು ಎಲ್ಲಿ ಸೇರಿತು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ಉತ್ತರ ಬೇಕಿದ್ದರೆ ಪ್ರತಿ ಬಾಣದ ಪಕ್ಕದಲ್ಲಿಯೂ ಒಂದು ಅಂಕಿ ಬರೆಯಬೇಕು, ಮತ್ತು ಪ್ರತಿ ಜೀವಿಯಿಂದಲೂ ಹೊರಗೆ ಹೋಗುವ ಇನ್ನೊಂದು ಬಾಣವನ್ನು, ಅಂದರೆ ಉಸಿರಾಟದ ಮೂಲಕ ಶಾಖವಾಗಿ ಹೊರಬೀಳುವ ಶಕ್ತಿಯನ್ನು, ಮರೆಯದೆ ಎಳೆಯಬೇಕು. ಪಠ್ಯಪುಸ್ತಕದ ಚಿತ್ರಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಈ ಎರಡನೆಯ ಬಾಣವೇ. ಇಡೀ ವಿಷಯದ ತಿರುಳಿರುವುದೂ ಅದರಲ್ಲಿಯೇ.

ಇಂಥ ಲೆಕ್ಕಕ್ಕೆ ಗಟ್ಟಿಯಾದ ತಳಹದಿ ಹಾಕಿದವರಲ್ಲಿ ರೇಮಂಡ್ ಲಿಂಡೆಮನ್ ಪ್ರಮುಖರು. ಅಮೆರಿಕದ ಮಿನ್ನೆಸೋಟ ರಾಜ್ಯದ ಸೀಡರ್ ಬಾಗ್ ಎಂಬ ಸಣ್ಣ ಸರೋವರವನ್ನು ಅಭ್ಯಾಸ ಮಾಡಿದ ಅವರು, ಅಲ್ಲಿನ ಜೀವಿಗಳನ್ನು ಹೆಸರಿನಿಂದ ವಿಂಗಡಿಸುವುದರ ಬದಲು ಆಹಾರದ ಮೆಟ್ಟಿಲುಗಳಾಗಿ, ಅಂದರೆ ಪೋಷಣಾ ಸ್ತರಗಳಾಗಿ ವಿಂಗಡಿಸಿ, ಒಂದು ಸ್ತರದಿಂದ ಇನ್ನೊಂದಕ್ಕೆ ದಾಟುವ ಶಕ್ತಿಯನ್ನು ಲೆಕ್ಕ ಹಾಕಿದರು. ಅವರ ಪ್ರಬಂಧ 1942ರಲ್ಲಿ ಪ್ರಕಟವಾಯಿತು. ಅದನ್ನು ಅಚ್ಚಿನಲ್ಲಿ ನೋಡುವ ಮೊದಲೇ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಮೊದಲು ಗಡಿ ಮತ್ತು ಮಾನ

ಕಾಡಿಗಿಂತ ಕೊಳದಿಂದ ಆರಂಭಿಸುವುದು ಸುಲಭ, ಏಕೆಂದರೆ ಕೊಳದ ಅಂಚು ಎಲ್ಲಿ ಮುಗಿಯುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಲೆಕ್ಕವನ್ನು ಒಂದು ಚದರ ಮೀಟರ್ ವಿಸ್ತೀರ್ಣಕ್ಕೆ, ಒಂದು ವರ್ಷದ ಅವಧಿಗೆ, ಕಿಲೋಕ್ಯಾಲರಿಯಲ್ಲಿ ಅಥವಾ ಕಿಲೋಜೌಲ್‌ನಲ್ಲಿ ಬರೆಯಿರಿ. ಒಂದು ಕಿಲೋಕ್ಯಾಲರಿ ಎಂದರೆ 4.184 ಕಿಲೋಜೌಲ್. ಜೀವಿಗಳ ತೂಕವನ್ನು ಶಕ್ತಿಗೆ ಪರಿವರ್ತಿಸಲು ಮಾದರಿಯನ್ನು ಒಣಗಿಸಿ, ಕ್ಯಾಲರಿಮಾಪಕದಲ್ಲಿ ಪೂರ್ತಿಯಾಗಿ ಉರಿಸಿ, ಹೊರಬಂದ ಶಾಖವನ್ನು ಅಳೆಯುತ್ತಾರೆ. ಒಣಗಿಸುವುದು ಅಗತ್ಯ, ಏಕೆಂದರೆ ನೀರು ತೂಕ ಕೊಡುತ್ತದೆಯೇ ಹೊರತು ಉರಿದು ಶಾಖ ಕೊಡುವುದಿಲ್ಲ.

ಹಸಿರು ಗಿಡಗಳ ಗಳಿಕೆಯನ್ನು ಅಳೆಯುವುದು

ನೀರಿನ ಮೇಲೆ ಬೀಳುವ ಬಿಸಿಲೆಲ್ಲವೂ ಗಿಡಗಳಿಗೆ ಬಳಕೆಯಾಗುವುದಿಲ್ಲ. ದ್ಯುತಿಸಂಶ್ಲೇಷಣೆಗೆ ಒದಗುವುದು ಮುಖ್ಯವಾಗಿ 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕು. ನೆಲಕ್ಕೆ ತಲುಪುವ ಸೌರಶಕ್ತಿಯಲ್ಲಿ ಅದರ ಪಾಲು ಅರ್ಧಕ್ಕಿಂತ ತುಸು ಕಡಿಮೆ. ಆ ಪಾಲಿನಲ್ಲಿಯೂ ಕೆಲವಂಶ ಪ್ರತಿಫಲಿಸುತ್ತದೆ, ಕೆಲವಂಶವನ್ನು ನೀರು ಹೀರುತ್ತದೆ. ಉಳಿದದ್ದರಲ್ಲಿ ಸ್ವಲ್ಪ ಭಾಗ ಮಾತ್ರ ಸಕ್ಕರೆಯ ಅಣುಗಳಲ್ಲಿ ರಾಸಾಯನಿಕ ಶಕ್ತಿಯಾಗಿ ಸೇರುತ್ತದೆ. ಹೀಗೆ ಸೇರಿದ ಮೊತ್ತಕ್ಕೆ ಒಟ್ಟು ಉತ್ಪಾದನೆ ಎಂದು ಹೆಸರು. ಅದರಲ್ಲಿ ಗಿಡವು ತನ್ನ ಉಸಿರಾಟಕ್ಕೆ ವ್ಯಯಿಸಿದ್ದನ್ನು ಕಳೆದರೆ ನಿವ್ವಳ ಉತ್ಪಾದನೆ ದೊರೆಯುತ್ತದೆ. ಉಳಿದೆಲ್ಲ ಜೀವಿಗಳೂ ಬದುಕಬೇಕಾದದ್ದು ಈ ನಿವ್ವಳದ ಮೇಲೆ.

ಇದನ್ನು ಅಳೆಯಲು 1927ರಲ್ಲಿ ಗಾರ್ಡರ್ ಮತ್ತು ಗ್ರಾನ್ ಎಂಬ ವಿಜ್ಞಾನಿಗಳು ವಿವರಿಸಿದ ಬಾಟಲಿ ವಿಧಾನ ಇಂದಿಗೂ ಕಲಿಯಲು ಯೋಗ್ಯವಾದದ್ದು. ಇಷ್ಟು ಸರಳವಾದ ಸಲಕರಣೆಯಿಂದ ಇಷ್ಟು ದೊಡ್ಡ ವಿಷಯವನ್ನು ತಿಳಿಸುವ ಪ್ರಯೋಗ ಜೀವವಿಜ್ಞಾನದಲ್ಲಿ ಅಪರೂಪ. ಒಂದೇ ಆಳದಿಂದ ತೆಗೆದ ನೀರನ್ನು ಗುಳ್ಳೆ ಸೇರದಂತೆ ಮೂರು ಗಾಜಿನ ಬಾಟಲಿಗಳಲ್ಲಿ ತುಂಬಿಸಿ. ಮೊದಲನೆಯದರಲ್ಲಿ ಕರಗಿರುವ ಆಮ್ಲಜನಕವನ್ನು ಕೂಡಲೇ ಅಳೆದು ಬರೆದಿಡಿ. ಎರಡನೆಯದನ್ನು ಹಾಗೆಯೇ, ಮೂರನೆಯದಕ್ಕೆ ಬೆಳಕು ಒಂದಿಷ್ಟೂ ತಾಗದಂತೆ ಕಪ್ಪು ಹೊದಿಕೆ ಸುತ್ತಿ, ನೀರು ತೆಗೆದ ಆಳದಲ್ಲಿಯೇ ತೂಗಿಬಿಡಿ. ಕೆಲವು ಗಂಟೆಗಳ ಬಳಿಕ ಎರಡನ್ನೂ ಮೇಲೆತ್ತಿ ಆಮ್ಲಜನಕವನ್ನು ಮತ್ತೆ ಅಳೆಯಿರಿ.

ಆರಂಭದಲ್ಲಿ ಲೀಟರಿಗೆ 8 ಮಿಲಿಗ್ರಾಂ ಇದ್ದ ಆಮ್ಲಜನಕ ಬೆಳಕಿನ ಬಾಟಲಿಯಲ್ಲಿ 10ಕ್ಕೆ ಏರಿದೆ, ಕತ್ತಲೆಯ ಬಾಟಲಿಯಲ್ಲಿ 7ಕ್ಕೆ ಇಳಿದಿದೆ ಎಂದು ಇಟ್ಟುಕೊಳ್ಳೋಣ. ಕತ್ತಲೆಯಲ್ಲಿ ದ್ಯುತಿಸಂಶ್ಲೇಷಣೆ ನಡೆಯದ ಕಾರಣ, ಅಲ್ಲಿ ಇಳಿದ 1 ಮಿಲಿಗ್ರಾಂ ಉಸಿರಾಟದ ವೆಚ್ಚ. ಬೆಳಕಿನಲ್ಲಿ ಏರಿದ 2 ಮಿಲಿಗ್ರಾಂ ನಿವ್ವಳ. ಎರಡನ್ನೂ ಕೂಡಿದಾಗ ಬರುವ 3 ಮಿಲಿಗ್ರಾಂ ಒಟ್ಟು ಉತ್ಪಾದನೆ. ಒಂದು ಗ್ರಾಂ ಆಮ್ಲಜನಕಕ್ಕೆ ಸುಮಾರು 14 ಕಿಲೋಜೌಲ್ ಎಂಬ ಗುಣಕದಿಂದ ಇದನ್ನು ಶಕ್ತಿಯ ಅಂಕಿಯಾಗಿ ಬದಲಿಸಬಹುದು. ಇಲ್ಲಿ ಒಂದು ಎಚ್ಚರಿಕೆ ಬೇಕು. ಬಾಟಲಿಯೊಳಗೆ ಪಾಚಿಯಷ್ಟೇ ಅಲ್ಲ, ಬ್ಯಾಕ್ಟೀರಿಯಾ ಮತ್ತು ಸೂಕ್ಷ್ಮ ಪ್ರಾಣಿಗಳೂ ಇರುತ್ತವೆ. ಆದ್ದರಿಂದ ಅಳತೆಗೆ ಸಿಕ್ಕ ಉಸಿರಾಟ ಅವೆಲ್ಲವುಗಳದ್ದೂ ಹೌದು. ಬೆಳಕಿನಲ್ಲಿಯೂ ಕತ್ತಲೆಯಲ್ಲಿಯೂ ಉಸಿರಾಟದ ಪ್ರಮಾಣ ಒಂದೇ ಎಂದು ಈ ವಿಧಾನ ಭಾವಿಸಿಕೊಳ್ಳುತ್ತದೆ ಎಂಬುದನ್ನೂ ನೆನಪಿನಲ್ಲಿಡಬೇಕು. ಬೇರೆ ಬೇರೆ ಆಳಗಳಲ್ಲಿ, ಬೇರೆ ಬೇರೆ ಋತುಗಳಲ್ಲಿ ಅಳೆಯದೆ ವರ್ಷದ ಮೊತ್ತವನ್ನು ಬರೆಯುವಂತಿಲ್ಲ.

ತಿನ್ನುವ ಜೀವಿಗಳ ಜಮಾ-ಖರ್ಚು

ಪ್ರಾಣಿಯ ಲೆಕ್ಕಕ್ಕೆ ನಾಲ್ಕು ಬಾಬುಗಳು ಸಾಕು. ತಿಂದದ್ದು ಜಮೆ; ಜೀರ್ಣವಾಗದೆ ಮಲವಾಗಿ ಹೋದದ್ದು, ಮೂತ್ರದಲ್ಲಿ ಹೋದದ್ದು, ಉಸಿರಾಟದಲ್ಲಿ ಶಾಖವಾದದ್ದು ಖರ್ಚು; ಇವುಗಳನ್ನು ಕಳೆದು ಮೈಯಲ್ಲಿ ಬೆಳವಣಿಗೆಯಾಗಿಯೂ ಮರಿ ಮೊಟ್ಟೆಗಳಾಗಿಯೂ ಉಳಿದದ್ದು ಶಿಲ್ಕು. ಮುಂದಿನ ಸ್ತರದ ಪ್ರಾಣಿಗೆ ಸಿಗುವುದು ಈ ಶಿಲ್ಕು ಮಾತ್ರ, ಅದೂ ಪೂರ್ತಿಯಾಗಿ ಸಿಗುವುದಿಲ್ಲ.

ಈ ಬಾಬುಗಳು ಪ್ರಾಣಿಯಿಂದ ಪ್ರಾಣಿಗೆ ಬಹಳ ಬದಲಾಗುತ್ತವೆ. ನಾರಿನ ಮೇವು ತಿನ್ನುವ ಆನೆಯ ಆಹಾರದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಲದ್ದಿಯಾಗಿ ಹೊರಬೀಳುತ್ತದೆ. ಮಾಂಸ ತಿನ್ನುವ ಪ್ರಾಣಿ ತಿಂದದ್ದರ ಬಹುಭಾಗವನ್ನು ಜೀರ್ಣಿಸಿಕೊಳ್ಳುತ್ತದೆ. ಇದಕ್ಕಿಂತ ದೊಡ್ಡ ವ್ಯತ್ಯಾಸ ಉಸಿರಾಟದ ಬಾಬಿನಲ್ಲಿದೆ. ಹಕ್ಕಿಗಳೂ ಸಸ್ತನಿಗಳೂ ಮೈಯನ್ನು ಸದಾ ಬೆಚ್ಚಗಿಡಲೆಂದೇ ಜೀರ್ಣಿಸಿಕೊಂಡ ಶಕ್ತಿಯ ಬಹುಪಾಲನ್ನು ವ್ಯಯಿಸುವುದರಿಂದ, ಅವುಗಳ ಮೈಗೂಡುವುದು ಸಾಮಾನ್ಯವಾಗಿ ಶೇಕಡ 1ರಿಂದ 3ರಷ್ಟು ಮಾತ್ರ. ಮೈಬಿಸಿಯನ್ನು ಕಾಯ್ದುಕೊಳ್ಳಬೇಕಾಗಿಲ್ಲದ ಕೀಟಗಳಲ್ಲಿ ಇದು ಶೇಕಡ 40ರವರೆಗೂ ಏರಬಹುದು. ಹಾಗಾಗಿ ಒಂದೇ ಪ್ರಮಾಣದ ಸೊಪ್ಪಿನಿಂದ ಇಲಿಯ ಮೈಯಾಗುವುದಕ್ಕಿಂತ ಎಷ್ಟೋ ಹೆಚ್ಚು ಕಂಬಳಿಹುಳುವಿನ ಮೈಯಾಗುತ್ತದೆ.

ವಿಘಟಕರನ್ನು ಬಿಡಬೇಡಿ

ಉದುರಿದ ಎಲೆ, ಸತ್ತ ಜೀವಿ, ಮಲ ಇವೆಲ್ಲ ವಿಘಟಕರ, ಅಂದರೆ ಇವನ್ನು ಕೊಳೆಯಿಸುವ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ಪಾಲಿಗೆ ಆಹಾರ. ಅನೇಕ ಕಾಡುಗಳಲ್ಲಿ ನಿವ್ವಳ ಉತ್ಪಾದನೆಯ ಬಹುಪಾಲು ಯಾವ ಸಸ್ಯಾಹಾರಿಯ ಬಾಯಿಗೂ ಹೋಗದೆ ನೇರವಾಗಿ ಇವರ ಕಡೆಗೆ ಸಾಗುತ್ತದೆ. ಜಿಂಕೆ ಮತ್ತು ಹುಲಿಯ ಸರಪಳಿಯನ್ನಷ್ಟೇ ಬರೆದರೆ ಕಾಡಿನ ಶಕ್ತಿಯ ಹೆಚ್ಚಿನ ಭಾಗ ಲೆಕ್ಕದಿಂದ ಹೊರಗೇ ಉಳಿಯುತ್ತದೆ. ವಿಘಟಕರು ಖನಿಜಗಳನ್ನು ಮಣ್ಣಿಗೂ ನೀರಿಗೂ ಮರಳಿಸುತ್ತಾರೆ. ಶಕ್ತಿಯನ್ನು ಗಿಡಗಳಿಗೆ ಮರಳಿಸುವುದಿಲ್ಲ. ಸಾರಜನಕ, ರಂಜಕಗಳು ಸುತ್ತುತ್ತಲೇ ಇರುತ್ತವೆ, ಶಕ್ತಿ ಒಂದೇ ದಿಕ್ಕಿಗೆ ಹರಿದು ಶಾಖವಾಗಿ ಹೊರಟುಹೋಗುತ್ತದೆ. ವಿಘಟಕರಿಂದ ಗಿಡಗಳ ಕಡೆಗೆ ಶಕ್ತಿಯ ಬಾಣ ಎಳೆದ ಚಿತ್ರವನ್ನು ಎಲ್ಲಿ ಕಂಡರೂ ತಿದ್ದಿ.

ಪೂರ್ತಿಯಾದ ಒಂದು ಲೆಕ್ಕ

ಅಮೆರಿಕದ ಫ್ಲಾರಿಡಾದಲ್ಲಿರುವ ಸಿಲ್ವರ್ ಸ್ಪ್ರಿಂಗ್ಸ್ ಎಂಬ ತಿಳಿನೀರಿನ ಬುಗ್ಗೆಯನ್ನು ಹೋವರ್ಡ್ ಓಡಮ್ ಅಭ್ಯಾಸ ಮಾಡಿ 1957ರಲ್ಲಿ ಪ್ರಕಟಿಸಿದ ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಂಡು ಕೂಡಿ ಕಳೆದು ನೋಡಿದರೆ ಮೇಲಿನದೆಲ್ಲ ಸ್ಪಷ್ಟವಾಗುತ್ತದೆ. ಇವು ಒಂದು ಚದರ ಮೀಟರಿಗೆ, ಒಂದು ವರ್ಷಕ್ಕೆ, ಕಿಲೋಕ್ಯಾಲರಿಯಲ್ಲಿವೆ. ಬಿದ್ದ ಬಿಸಿಲು 17,00,000; ಗಿಡಗಳು ಹೀರಿದ್ದು 4,10,000; ಒಟ್ಟು ಉತ್ಪಾದನೆ 20,810. ಅಂದರೆ ಬಿದ್ದ ಬಿಸಿಲಿನಲ್ಲಿ ಸುಮಾರು ಶೇಕಡ 1.2 ಮಾತ್ರ ಜೀವಲೋಕದೊಳಗೆ ಬಂತು. ಅದರಲ್ಲಿ 11,977 ಗಿಡಗಳ ಉಸಿರಾಟಕ್ಕೇ ಹೋಗಿ 8,833 ನಿವ್ವಳವಾಗಿ ಉಳಿಯಿತು. ಸಸ್ಯಾಹಾರಿಗಳಿಗೆ ದಾಟಿದ್ದು 3,368, ಅವುಗಳನ್ನು ತಿನ್ನುವ ಮಾಂಸಾಹಾರಿಗಳಿಗೆ 383, ಎಲ್ಲಕ್ಕೂ ಮೇಲಿನ ಸ್ತರಕ್ಕೆ ಕೇವಲ 21.

ಈಗ ತಾಳೆ ನೋಡುವ ಹಂತ. ಉಸಿರಾಟದಲ್ಲಿ ಸಸ್ಯಾಹಾರಿಗಳು 1,890, ಮಾಂಸಾಹಾರಿಗಳು 316, ಮೇಲಿನ ಸ್ತರದವು 13, ವಿಘಟಕರು 4,600 ವ್ಯಯಿಸಿದರು. ಗಿಡಗಳದ್ದನ್ನೂ ಕೂಡಿದರೆ 18,796. ಹರಿವಿನೊಂದಿಗೆ ಕೊಚ್ಚಿಹೋದ ಜೈವಿಕ ವಸ್ತುವಿನಲ್ಲಿದ್ದದ್ದು 2,500. ಹೊರಹೋದ ಮೊತ್ತ ಹೀಗೆ 21,296 ಆಗುತ್ತದೆ, ಗಿಡಗಳ ಗಳಿಕೆಗಿಂತ 486 ಹೆಚ್ಚು. ಆ 486 ಬಂದದ್ದು ಬುಗ್ಗೆಯ ಹೊರಗಿನಿಂದ. ನೋಡಲು ಬಂದವರು ಮೀನುಗಳಿಗೆ ಎಸೆದ ಬ್ರೆಡ್ಡನ್ನೂ ಓಡಮ್ ಜಮೆಗೆ ಹಿಡಿದಿದ್ದರು. ಗಡಿ ದಾಟಿ ಬರುವ ಸಣ್ಣ ವಸ್ತುವನ್ನೂ ಬಿಡದ ಈ ಶ್ರದ್ಧೆಯೇ ಲೆಕ್ಕವನ್ನು ನಂಬಲರ್ಹವಾಗಿಸಿದೆ.

ಇದೇ ಅಂಕಿಗಳಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಒಂದು ಸ್ತರದಿಂದ ಮುಂದಿನದಕ್ಕೆ ದಾಟುವುದು ಶೇಕಡ 10 ಎಂದು ಹಲವರು ನಿಯಮದಂತೆ ಬರೆಯುತ್ತಾರೆ. ಸಿಲ್ವರ್ ಸ್ಪ್ರಿಂಗ್ಸ್‌ನಲ್ಲಿ ಗಿಡಗಳ ಒಟ್ಟು ಉತ್ಪಾದನೆಯಿಂದ ಸಸ್ಯಾಹಾರಿಗಳಿಗೆ ದಾಟಿದ್ದು ಸುಮಾರು ಶೇಕಡ 16, ಅಲ್ಲಿಂದ ಮಾಂಸಾಹಾರಿಗಳಿಗೆ ಸುಮಾರು 11, ಅದರ ಮೇಲಕ್ಕೆ 5ರ ಆಸುಪಾಸು. ಹತ್ತು ಎನ್ನುವುದು ಅಂದಾಜಿಗೆ ಅನುಕೂಲವಾದ ಸರಾಸರಿ. ಅಳತೆಗೆ ಬದಲಾಗಿ ಅದನ್ನು ಬಳಸಬಾರದು.

ಸ್ತರಗಳನ್ನು ಒಂದರ ಮೇಲೊಂದು ಇಟ್ಟು ತೋರಿಸುವ ಪಿರಮಿಡ್ ಚಿತ್ರಗಳಲ್ಲಿ ತೂಕದ ಪಿರಮಿಡ್ಡನ್ನು ಶಕ್ತಿಯ ಪಿರಮಿಡ್ಡಿನೊಂದಿಗೆ ಬೆರೆಸಬಾರದು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಸಮುದ್ರದ ಕೆಲವೆಡೆ ಒಂದು ಕ್ಷಣದಲ್ಲಿ ತೂಗಿದರೆ ಸಸ್ಯ ಪ್ಲವಕಗಳಿಗಿಂತ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಗಳಂಥವುಗಳಿಗಿಂತ, ಅವುಗಳನ್ನು ತಿನ್ನುವ ಪ್ರಾಣಿ ಪ್ಲವಕಗಳ, ಅಂದರೆ ತೇಲುವ ಪುಟ್ಟ ಪ್ರಾಣಿಗಳ, ತೂಕವೇ ಹೆಚ್ಚಿರುತ್ತದೆ. ಬೇಗ ಬೇಗ ಇಮ್ಮಡಿಸಿ ಬೇಗ ಬೇಗ ಆಹಾರವಾಗಿಬಿಡುವ ಸಸ್ಯ ಪ್ಲವಕಗಳು ಆ ಕ್ಷಣದಲ್ಲಿ ಕಡಿಮೆ ಕಾಣುತ್ತವೆ, ಅಷ್ಟೆ. ಅದೇ ಪ್ಲವಕಗಳು ವರ್ಷವಿಡೀ ಉತ್ಪಾದಿಸಿದ ಶಕ್ತಿಯನ್ನು ಕೂಡಿಸಿದರೆ ಅಡಿಯ ಸ್ತರವೇ ದೊಡ್ಡದಾಗಿರುತ್ತದೆ.

ಜಮೆಯ ಮೊದಲ ಸಾಲು ಯಾವಾಗಲೂ ಬಿಸಿಲೇ ಆಗಿರಬೇಕೆಂದಿಲ್ಲ. 1977ರಲ್ಲಿ ಗಲಾಪಗೋಸ್ ದ್ವೀಪಗಳ ಸಮೀಪ, ಬೆಳಕು ತಲುಪದ ಕಡಲತಳದಲ್ಲಿ, ಬಿಸಿನೀರು ಚಿಮ್ಮುವ ಬಿರುಕುಗಳ ಸುತ್ತ ಜೀವಿಗಳ ದಟ್ಟ ಸಮುದಾಯ ಪತ್ತೆಯಾಯಿತು. ಅಲ್ಲಿ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಉತ್ಕರ್ಷಿಸಿ ಪಡೆದ ಶಕ್ತಿಯಿಂದ ಆಹಾರ ತಯಾರಿಸುತ್ತವೆ. ಅಂಥ ಕಡೆ ಮೊದಲ ಸಾಲಿನ ಹೆಸರು ಬದಲಾಗುತ್ತದೆ, ಉಳಿದ ಸಾಲುಗಳನ್ನು ಇದೇ ಕ್ರಮದಲ್ಲಿ ಬರೆಯಬಹುದು.

ನಿಮ್ಮ ಲೆಕ್ಕದಲ್ಲಿ ಜಮೆಗಿಂತ ಖರ್ಚು ಹೆಚ್ಚಾಗಿ ಕಂಡರೆ, ಮೊದಲು ಹೊರಗಿನಿಂದ ಬಂದು ಬಿದ್ದ ಎಲೆ ಮತ್ತು ಹರಿದುಬಂದ ಮಣ್ಣನ್ನು ಪರೀಕ್ಷಿಸಿ. ಖರ್ಚಿಗಿಂತ ಜಮೆ ಹೆಚ್ಚಿದ್ದರೆ, ಉಸಿರಾಟದ ಅಳತೆ ಸರಿಯಾಗಿದೆಯೇ ಎಂದು ನೋಡಿದ ಬಳಿಕ ಕೊಳದ ತಳದ ಕೆಸರನ್ನು ಅಗೆದು ಮಾದರಿ ತೆಗೆಯಿರಿ. ಆಮ್ಲಜನಕ ಸಾಲದ ಕೆಸರಿನಲ್ಲಿ ಕೊಳೆಯುವಿಕೆ ನಿಧಾನವಾಗಿ, ಶಕ್ತಿಯ ಒಂದು ಭಾಗ ವರ್ಷದಿಂದ ವರ್ಷಕ್ಕೆ ಅಲ್ಲಿಯೇ ಶೇಖರವಾಗುತ್ತದೆ. ಜೌಗು ನೆಲಗಳ ಪೀಟ್ ಆದದ್ದೂ, ಬಹುಕಾಲ ಹೂತುಹೋಗಿ ಕಲ್ಲಿದ್ದಲಾದದ್ದೂ ಹೀಗೆ ಉಳಿದ ಸಸ್ಯಶೇಷವೇ. ಆ ಶೇಖರಣೆಗೆ ಲೆಕ್ಕದಲ್ಲಿ ಪ್ರತ್ಯೇಕ ಸಾಲು ಕೊಡಿ.